ಸ್ವಹಸ್ತದ ಸೈನ್ಯ

ಮೇಜಿನ ಮೇಲೆ ಗೊಂಬೆ ಸೈನ್ಯಗಳ ಪುಟಾಣಿ ಯುದ್ಧದಾಟ ಸಮಬಲದಲ್ಲಿ ಮುಗಿದಿತ್ತು. ಸ್ಪರ್ಧೆಯ ನಿಯಮದಂತೆ ಇನ್ನು ಜಯವು, ಹೆಬ್ಬೆರಳೆತ್ತರದ ತಮ್ಮ ಸೈನಿಕರಿಗೆ ಸ್ವಹಸ್ತದಿಂದ ಹೆಚ್ಚು ಅಂದವಾಗಿ ಬಣ್ಣ ಬಳಿದವರದು.

"ಇಷ್ಟು ನವಿರಾದ ಕೆಲಸ ನಿಮ್ದೇನಾ ಸಾರ್?" ತೀರ್ಪುಗಾರ ಕೇಳಿದ.

"ನನ್ನದೇ," ಎಂದ, ಆ ಸೈನ್ಯವನ್ನು ಹಳೆಯ ಸಾಮಾನಿನ ಅಂಗಡಿಯಿಂದ ಕೊಂಡು ತಂದಿದ್ದವನು.

ಪ್ರಶಸ್ತಿ ಕೈಸೇರಿದರೂ ಸೋತ ಎದುರಾಳಿಯ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಆಕೆಯೇ ಬಾಗಿಲವರೆಗೆ ಹಿಂಬಾಲಿಸಿ ಬಂದಾಗ, ಗುಟ್ಟು ರಟ್ಟಾಯಿತೆಂದುಕೊಂಡ.

"ಒಂದು ಮಾತು ಕೇಳ್ಲಾ ಸಾರ್?"

"ಕೇಳಿಬಿಡಿ ಮೇಡಂ."

ಆಕೆ ಅರ್ಧ ಬಣ್ಣ ಕಂಡ ಆನೆಯೊಂದನ್ನು ಅವನ ಅಂಗೈಯಲ್ಲಿಟ್ಟಳು.

"ನಮ್ಮ ಯಜಮಾನ್ರು ಕಾಯಿಲೇಲಿ ತಮ್ಮ ಸೈನ್ಯಾನೆಲ್ಲ ಮಾರಿಬಿಟ್ರು. ಇದೊಂದನ್ನ ಮುಗಿಸೋ ಮುಂಚೆ ಹೋಗಿಬಿಟ್ರು. ಥೇಟ್ ಅವರದೇ ಕೈ ನಿಮ್ದು. ನೀವೇ ಪೂರ್ತಿ ಮಾಡಿಕೊಡ್ತೀರಾ?"