ಗಾಲಿಗೆ ಕೊಟ್ಟ ಕಲ್ಲು

ಗಾಡಿ ಉರುಳದಂತೆ ಗಾಲಿಗೆ ಕಲ್ಲು ಕೊಡುವಾಗ ನಿಮಗೂ ಯಾರಾದರೂ ನೆನಪಾಗುತ್ತಾರೆಯೇ? ಕ್ಯಾಂಪಿಂಗ್‌ಗೆ ಹೋದಾಗಲೆಲ್ಲ ನನಗೆ ಅವ್ವ ನೆನಪಾಗುತ್ತಾಳೆ.

ಅವತ್ತು ಕಾಯಿಲೆಯ ಅವ್ವನಿಗಾಗಿ ಅಪ್ಪ ಟೆಂಪೊದೊಳಗೆ ಹಾಸಿಗೆ, ಸ್ಟೋವ್, ನೀರಿನ ಕ್ಯಾನ್ ಹೊಂದಿಸಿದ್ದ. ಕಲಬುರಗಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಅವಳ ಆಸೆಯಂತೆ, ಕಮಲಾಪುರ ದಾಟಿ ಬೇವಿನ ನೆರಳಲ್ಲಿ ನಿಂತೆವು.

"ಮೊದ್ಲು ಗಾಲಿಗೆ ಕಲ್ಲು ಕೊಡು, ಆಮ್ಯಾಲೆ ಸ್ಟೋವ್ ಹಚ್ಚೂಣು," ಎಂದ ಅಪ್ಪ. ಕಲ್ಲು ಇಡುವುದು, ತೆಗೆಯುವುದು ನನ್ನ ಕೆಲಸ.

ಚಹಾ ಮುಗಿದರೂ ಅವ್ವ ಚಾಪೆಯಿಂದ ಏಳಲಿಲ್ಲ. "ಇನ್ನೊಂದೀಟು ಕುಂದ್ರೂಣ್ರೀ," ಎಂದಳು.

"ಡಾಕ್ಟರ್ ಏನ್ ನಿನ್ನ ತಮ್ಮನಾ, ಕಾಯ್ಕೋತ ಕುಂದ್ರಾಕ?" ಅಪ್ಪ ನಗಿಸಲು ನೋಡಿದ.

ಶಾಭಾಸ್ ಅನ್ನಿಸಿಕೊಳ್ಳುವ ಆತುರಕ್ಕೆ ನಾನು ಆಗಲೇ ಕಲ್ಲು ತೆಗೆದಿದ್ದೆ. "ಗಾಡಿ ತಯಾರ್ ಆತು," ಎಂದೆ.

ಅವ್ವ ನನ್ನ ಕೈಯ ಮಣ್ಣನ್ನು ಸೆರಗಿನಿಂದ ಒರೆಸಿ, ಗಾಡಿ ಹತ್ತಿದಳು. ಆಸ್ಪತ್ರೆಯಿಂದ ಅವಳು ಮತ್ತೆ ಮನೆಗೆ ಬರಲಿಲ್ಲ.

ನೀವೂ ಯಾರನ್ನಾದರೂ ಹೀಗೆ ಬೇಗ ಎಬ್ಬಿಸಿದ್ದರೆ, ಕೆಳಗೆ ಬರೆಯಿರಿ.