ಶಬಾನಳ ಅಳತೆ

ಕೊಪ್ಪದ ಟೈಲರಂಗಡಿಯಲ್ಲಿ ಇಸಾಕ್ ಕತ್ತರಿ ಹಿಡಿದು ಕಾಯುತ್ತಿದ್ದ. ಎದುರಿನ ಕಂಪ್ಯೂಟರ್ ‘ಈ ಫೈಲನ್ನು ಬೇರೊಬ್ಬರು ತೆರೆದಿದ್ದಾರೆ’ ಎಂಬ ಸಾಲು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಗಿರಾಕಿಗಳ ಅಳತೆಯೆಲ್ಲ ಅದರಲ್ಲೇ ಇತ್ತು. ಹಬ್ಬ ಹತ್ತಿರ ಬಂದಿತ್ತು.

“ಮಹಡಿ ಮೇಲಿನ ಕಂಪ್ಯೂಟರಲ್ಲೂ ಇದೇ ಫೈಲ್ ತೆರೆದಿದೆ ಇಸಾಕ್ ಭಾಯ್. ಅಲ್ಲಿ ಒಬ್ರು ತಿದ್ದುತಾ ಕೂತ್ರೆ ಇಲ್ಲಿ ಬೀಗ ಬೀಳುತ್ತೆ,” ಎಂದ, ರಿಪೇರಿಗೆ ಬಂದಿದ್ದ ಕುಮಾರ. “ಹಳೇ ಅಳತೆ ಯಾರು ತಿದ್ದುತಾರೆ ಮಾರಾಯ್ರೆ? ಇದನ್ನ ಓದಕ್ಕೆ ಮಾತ್ರ ಅಂತ ಮಾಡಿಬಿಡ್ತೀನಿ. ಎಲ್ರೂ ಒಟ್ಟಿಗೆ ನೋಡಬಹುದು, ಬೀಗದ ರಗಳೆನೇ ಇರಲ್ಲ. ಹೊಸಬರಿಗೆ ಬೇರೆ ಫೈಲ್ ಮಾಡಿದ್ರಾಯ್ತು.”

ಇಸಾಕ್ ಹೂಂ ಎಂದ. ಮೇಲೆ ತೆರೆದಿದ್ದುದನ್ನು ಕುಮಾರ ಕೆಳಗಿನಿಂದಲೇ ಮುಚ್ಚಿಸಿ ಕೆಲಸ ಮುಗಿಸಿದ. ಈಗ ಫೈಲು ತಡೆಯಿಲ್ಲದೆ ತೆರೆಯಿತು. ಇಸಾಕ್ ನೆಮ್ಮದಿಯಿಂದ ಬಟ್ಟೆ ಹರವಿ ಸೀಮೆಸುಣ್ಣದ ಗೆರೆ ಎಳೆಯತೊಡಗಿದ.

ಅಷ್ಟರಲ್ಲಿ ಅವನ ಹೆಂಡತಿ ಬಿಲ್ಕಿಸ್ ಮಹಡಿಯಿಂದ ಇಳಿದು ಬಂದಳು. ಮಗಳು ಶಬಾನ ಜ್ವರದಲ್ಲಿ ತೀರಿಕೊಂಡು ಎರಡು ಹಬ್ಬ ಕಳೆದಿದ್ದವು. ಅಂದಿನಿಂದ ಅವಳು ಅಂಗಡಿಗೆ ಇಳಿಯುವುದೇ ಅಪರೂಪವಾಗಿತ್ತು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ನಮ್ಮ ಶಬಾನಂದು ತಿದ್ದಕ್ಕೆ ಬಿಡ್ತಾ ಇಲ್ಲ,” ಎಂದಳು. “ಹಬ್ಬ ಬಂದಾಗೆಲ್ಲ ಅವಳ ಫ್ರಾಕಿನ ಉದ್ದಕ್ಕೆ ಒಂದಿಂಚು ಸೇರಿಸ್ತಿದ್ದೆ.”

ಗೆರೆ ಅರ್ಧಕ್ಕೇ ನಿಂತಿತು. ಇಸಾಕ್ ತಲೆ ಎತ್ತಲಿಲ್ಲ.

ಬಿಲ್ಕಿಸ್ ಕಂಪ್ಯೂಟರಿನ ಕಡೆ ನೋಡಿದಳು. “ಹಾಗಾದ್ರೆ ಇನ್ನು ಅವಳು ಬೆಳೆಯಲ್ವಾ ಕುಮಾರ?”