ಸುಣ್ಣದ ಗುರುತು

ಗೋಡೆಗೆ ಸುಣ್ಣ ಹೊಡೆಯುವಾಗ ಬರುವ ಹಸಿ ವಾಸನೆಗೆ ನನಗೆ ಈಗಲೂ ಮಾರಿಕಣಿವೆ ಹಿನ್ನೀರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಏಳನೇ ಕ್ಲಾಸಿನವರು ದಡ ನೋಡಿಕೊಳ್ಳಬೇಕಿತ್ತು. ಪಾರ್ಟಿಗೆ ಬಂದವರು ಒಡೆದು ಬಿಸಾಡಿದ ಬಾಟಲಿಯ ಚೂರು, ಹರಿದ ಮೀನುಬಲೆ ಎಲ್ಲ ಆರಿಸಿ, ಪೂರಾ ಚೊಕ್ಕಟವಾದ ಕಡೆ ಕಲ್ಲಿಗೆ ಸುಣ್ಣ ಬಳಿಯುವುದು. ಓದು ಬಾರದ ಕುರಿಗಾಹಿಗಳೂ ಆ ಗುರುತು ನೋಡಿಯೇ ಮಂದೆಯನ್ನು ನೀರಿಗೆ ಇಳಿಸುತ್ತಿದ್ದರು.

ಅವತ್ತು ಬಿಸಿಲು ಜೋರಿತ್ತು. ನನ್ನ ಪಾಲಿನ ದಡದಲ್ಲಿ ಒಂದು ಚೂರನ್ನೂ ಆರಿಸದೆ ಕಲ್ಲಿಗೆ ಸುಣ್ಣ ಬಳಿದು, ಜಾಲಿಯ ನೆರಳಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಕುರಿ ಕಾಯುವ ಈರಜ್ಜ ಅಲ್ಲೇ ಮಂದೆ ಇಳಿಸಿದ. ಒಂದು ಮರಿ ಮೂರೇ ಕಾಲಲ್ಲಿ ಕುಂಟುತ್ತಾ ಮೇಲೆ ಬಂತು. ಅಜ್ಜ ಅದನ್ನು ತೊಡೆ ಮೇಲೆ ಮಲಗಿಸಿಕೊಂಡು, ಗೊರಸಿನ ಸಂದಿಯಿಂದ ಹಸಿರು ಗಾಜಿನ ಚೂರು ಕಿತ್ತ. ಪಂಚೆಯ ಅಂಚು ಹರಿದು ಕಟ್ಟಿದ.

ನಾನು ಹತ್ತಿರ ಹೋದೆ. ಅವನು ಬೈಯಲಿಲ್ಲ.

“ನೀನು ಸುಣ್ಣ ಬಳಿದ ಮ್ಯಾಲೆ ಯಾರೋ ಕುಡುಕರು ಬಂದು ಒಡ್ದವ್ರೆ ಕಣವ್ವ,” ಅಂದ. “ನೀವು ಹುಡುಗ್ರು ನೋಡ್ದೆ ಬಳಿಯೋರಲ್ಲ.”

“ಹೂಂ ಅಜ್ಜ, ಕುಡುಕರೇ,” ಅಂದೆ, ಸುಣ್ಣ ಇನ್ನೂ ಆರದಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.